ಗುಡಿಸಿಟ್ಟ ಪಳ್ಳ

“ಆ ಮೂಲೆಯಲ್ಲಿ ಇನ್ನೂ ಕೆಸರುಂಟು. ನಿನಗೆ ಕಣ್ಣಿಲ್ವಾ?”

ಅಮ್ಮ ಮೇಲೆ ಕಲ್ಲಿನ ಅಂಚಿನಲ್ಲಿ ನಿಂತು ಕೂಗಿದಳು. ನಾನು ಹೊಂಡದ ಒಳಗೆ ಕುಕ್ಕರಗಾಲಲ್ಲಿ ಕುಳಿತು ತೆಂಗಿನ ಗೆರಟೆಯಿಂದ ಕೆಸರು ಬಳಿದು ಬುಟ್ಟಿಗೆ ಹಾಕುತ್ತಿದ್ದೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ಬಂಡೆ.

“ಸಾಕಮ್ಮ. ಇದು ಪಳ್ಳ, ಹೋಟೆಲಿನ ಟೇಬಲ್ ಅಲ್ಲ.”

“ನಾಳೆ ಆಫೀಸರು ಬರ್ತಾರೆ. ಈ ಕೊಳಕು ತೋರಿಸ್ಲಿಕ್ಕಾ? ನಾಚಿಕೆ ಇಲ್ವಾ ನಿಂಗೆ? ಬಳಿ.”

ಬಳಿದೆ. ಪಕ್ಕದ ಮನೆಯ ಹೆಂಗಸರು ಬುಟ್ಟಿ ಹೊತ್ತುಕೊಂಡು ಹೋಗಿ ಬಂದು ಮಾಡುತ್ತಿದ್ದರು. ಆ ಕೆಸರು ಬಸಳೆಯ ಬುಡಕ್ಕೆ, ತೊಂಡೆಯ ಬುಡಕ್ಕೆ ಹೋಗುತ್ತದೆ. ಅಮ್ಮನ ಕಾಲಿನ ಹತ್ತಿರ ಪೇಂಟಿನ ಬಕೆಟ್ ಇತ್ತು. ಅದರಲ್ಲಿ ಪಳ್ಳದ ಮುಗುಡು ಮೀನುಗಳು. ಕಪ್ಪು ಮೈ, ಬಾಯಿಯ ಹತ್ತಿರ ಮೀಸೆ. ನೀರು ಆರಿದರೂ ಕೆಸರಿನಲ್ಲಿ ಹುದುಗಿಕೊಂಡು ಬದುಕುವ ಜಾತಿ ಅದು.

ಪಳ್ಳ ಅಂದರೆ ಕಲ್ಲುಬಂಡೆಯ ಮೇಲೆ ತಾನಾಗಿಯೇ ಆದ ಕೆರೆ. ನಮ್ಮ ಗುಡ್ಡೆಯ ತಲೆ ಚಪ್ಪಟೆ. ಅದನ್ನು ನಾವು ಪದವು ಅನ್ನುತ್ತೇವೆ. ಮೇಲೆಲ್ಲ ಕೆಂಪು ಕಲ್ಲು, ಕಲ್ಲಿನ ಸಂದಿಯಲ್ಲಿ ಮುಳಿಹುಲ್ಲು, ನಡುವೆ ಈ ಪಳ್ಳ. ವರ್ಷವೂ ಮಳೆಗೆ ಮೊದಲು, ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದು ಭೂತದ ಕೋಲ, ಯಕ್ಷಗಾನದ ಆಟ ಎಲ್ಲ ನಿಂತ ಮೇಲೆ, ಪದವಿನ ಮನೆಯವರು ಸೇರಿ ಪಳ್ಳದ ಕೆಸರು ತೆಗೆಯುವುದು ಕ್ರಮ. ಕೆಸರು ತುಂಬಿದರೆ ನೀರು ನಿಲ್ಲುವುದಿಲ್ಲ, ನೀರು ನಿಲ್ಲದಿದ್ದರೆ ಗುಡ್ಡೆಯ ಒಳಗೆ ಇಳಿಯುವುದಿಲ್ಲ. ಮೀನುಗಳನ್ನು ಹಿಡಿದು ನಮ್ಮ ಮನೆಯ ಟಾಂಕಿಯಲ್ಲಿ ಇಟ್ಟುಕೊಳ್ಳುತ್ತೇವೆ. ಮಳೆ ಬಂದು ಪಳ್ಳ ತುಂಬಿದ ಮೇಲೆ ತಿರುಗಿ ತಂದು ಬಿಡುತ್ತೇವೆ. ಆ ಮೀನನ್ನು ಯಾರೂ ತಿನ್ನುವುದಿಲ್ಲ. ಗುಡ್ಡೆಯದ್ದು ಅದು, ನಮ್ಮದಲ್ಲ.

ಆ ವರ್ಷ ಪತ್ತನಾಜೆ ಇನ್ನೂ ಆಗಿರಲಿಲ್ಲ. ಆಫೀಸರು ಬರುತ್ತಾರೆ ಅಂತ ಅಮ್ಮ ಕೆಲಸವನ್ನು ಮುಂದೆ ತಂದಳು. ಮನೆಗೆ ನೆಂಟರು ಬರುವಾಗ ಅಂಗಳ ಗುಡಿಸುತ್ತೇವಲ್ಲ, ಹಾಗೆ. ಬೇಡ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಮನೆ ಪದವಿನ ಇಳಿಜಾರಿನಲ್ಲಿ. ಬಸ್ಸು ಬೇಕಾದರೆ ಕೆಳಗಿನ ರಸ್ತೆಗೆ ಇಳಿದು ಪೆರ್ಲದ ಬಸ್ಸು ಹಿಡಿಯಬೇಕು. ಬಾವಿ ತೋಡಿದರೆ ಕಲ್ಲು ಮುಗಿಯುವುದಿಲ್ಲ. ಅದಕ್ಕೆ ಅಪ್ಪ ಸುರಂಗ ತೋಡಿದ. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಒಬ್ಬ ಬಗ್ಗಿ ಹೋಗುವಷ್ಟು ದಾರಿ ಕೊರೆದು ನೀರು ಹುಡುಕುವುದು. ಒಳಗೆ ಮೇಣದಬತ್ತಿ ಹಚ್ಚಿ ಇಡುತ್ತಿದ್ದ. ಬತ್ತಿ ಆರಿದರೆ ಗಾಳಿ ಇಲ್ಲ ಅಂತ ಲೆಕ್ಕ, ಹೊರಗೆ ಓಡಿ ಬರಬೇಕು. ನಾನು ಹುಟ್ಟುವ ಮೊದಲೇ ನೀರು ಸಿಕ್ಕಿತ್ತು. ಬೆರಳಿನ ದಪ್ಪ ನೀರು ಬರುತ್ತಿತ್ತು. ಬೇಸಗೆಯಲ್ಲಿ ಸ್ವಲ್ಪ ಸಣ್ಣ ಆದರೂ ನಿಂತದ್ದಿಲ್ಲ. ಅದು ಸುರಂಗದ ಬಾಯಿಯ ಎದುರಿನ ಟಾಂಕಿಗೆ ಬೀಳುತ್ತಿತ್ತು. ಕುಡಿಯಲಿಕ್ಕೆ, ಮೀಯಲಿಕ್ಕೆ, ದನಗಳಿಗೆ, ಬಸಳೆಗೆ ಎಲ್ಲ ಅದೇ. ಅಪ್ಪ ಕಾಯಿಲೆ ಬಂದು ಸತ್ತ. ಬಿಟ್ಟುಹೋದ ಆಸ್ತಿ ಅದೊಂದೇ. ಪದವಿನಲ್ಲಿ ನೀರು ನಿಂತರೆ ಸುರಂಗದಲ್ಲಿ ನೀರು ಬರುತ್ತದೆ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದು ಯಾವ ಕಾಗದದಲ್ಲೂ ಇರಲಿಲ್ಲ, ಅಷ್ಟೆ.

ಕಾಗದದಲ್ಲಿ ಇದ್ದದ್ದು ಬೇರೆ.

ನನಗೆ ಅದು ಶಾಲೆಯಲ್ಲೇ ಸ್ವಲ್ಪ ಗೊತ್ತಾಗಿತ್ತು. ನಾವು ಕನ್ನಡದವರಾದರೂ ಊರು ಗಡಿಯ ಈಚೆ ಕೇರಳದಲ್ಲಿ. ಪಾಠಪುಸ್ತಕದಲ್ಲಿ ಕೇರಳವನ್ನು ಮೂರು ಭಾಗ ಮಾಡಿದ್ದರು. ಮಲನಾಡು, ಇಡನಾಡು, ಕರಾವಳಿ. ಮಲೆಗೆ ಒಂದು ಬಣ್ಣ, ನಡುವಿನ ಜಾಗಕ್ಕೆ ಒಂದು ಬಣ್ಣ, ಕಡಲಿನ ಬದಿಗೆ ಒಂದು ಬಣ್ಣ. ನಮ್ಮ ಪದವು ಯಾವುದರಲ್ಲಿ ಬರುತ್ತದೆ ಅಂತ ನಾನು ಕೇಳಿದೆ.

ಮಾಷ್ಟ್ರು ನನ್ನನ್ನು ನೋಡಿದರು. “ಅದು ಯಾವುದೂ ಅಲ್ಲ ಮಾರಾಯ. ಅದು ಬರೀ ಕಲ್ಲು.”

ಕ್ಲಾಸು ನಕ್ಕಿತು. ಆ ದಿನದಿಂದ ನನ್ನ ಹೆಸರು ಬರೀಕಲ್ಲು. “ಬರೀಕಲ್ಲು ಬಂತು, ಜಾಗ ಬಿಡಿ.” “ಬರೀಕಲ್ಲು, ಹೋಮ್‌ವರ್ಕ್ ಮಾಡಿದ್ಯಾ?” ಎಂಟರಲ್ಲಿ ಶಾಲೆ ಬಿಟ್ಟೆ. ಹೆಸರಿನಿಂದಾಗಿ ಬಿಟ್ಟದ್ದಲ್ಲ, ಅಪ್ಪ ಮಲಗಿದ್ದ. ಈಗ ಪಿಕಪ್ ಓಡಿಸುತ್ತೇನೆ. ಮಂಜೇಶ್ವರದಿಂದ ಪುತ್ತೂರಿನವರೆಗೆ ಬಾಡಿಗೆಗೆ ಹೋಗುತ್ತೇನೆ. ದಾರಿಗೆ ಮೊಬೈಲಿನ ಮ್ಯಾಪು ನೋಡುವುದುಂಟು. ಅದರಲ್ಲೂ ನಮ್ಮ ಪದವು ಖಾಲಿ. ಬೂದಿ ಬಣ್ಣ, ಹೆಸರಿಲ್ಲ.

ನಮ್ಮ ಮನೆಗಳಿರುವ ಜಾಗಕ್ಕೆ ಮಾತ್ರ ಹೆಸರಿತ್ತು. ಕಾಲನಿ. ಕೆಳಗೆ ತೋಟದವರ ಮನೆಗಳೂ ಒಂದರ ಪಕ್ಕ ಒಂದು ಇವೆ, ಅದನ್ನು ಯಾರೂ ಕಾಲನಿ ಅನ್ನುವುದಿಲ್ಲ. ಇತ್ತೀಚೆಗೆ ಆ ಹೆಸರು ಸರಿ ಇಲ್ಲ ಅಂತ ಬೋರ್ಡಿನಲ್ಲಿ ಕಾಲನಿ ಅಳಿಸಿ ನಗರ ಅಂತ ಬರೆದರು. ಬರೆದವನು ಕೆಳಗಿನ ರಸ್ತೆಯಲ್ಲಿ ನನ್ನ ಹತ್ತಿರವೇ ದಾರಿ ಕೇಳಿದ್ದ. “ಈ ಕಾಲನಿಗೆ ಹೋಗುವುದು ಹೇಗೆ?” ಅಂತ.

ಸೋಲಾರಿನ ಸುದ್ದಿ ಬಂದದ್ದು ಚಾದ ಅಂಗಡಿಗೆ. ವಾರ್ಡಿನ ಮೆಂಬರ್ ಹೇಳಿದ. ಕೆಟ್ಟ ಜನ ಅಲ್ಲ ಅವನು, ಆದರೆ ಯಾವಾಗಲೂ ಗಡಿಬಿಡಿ.

“ಪದವಿಗೆ ಸೋಲಾರ್ ಬರ್ತದೆ. ಕಂಪೆನಿಯವರು ಕೇಳಿದ್ದಾರೆ. ಕಾಗದದಲ್ಲಿ ಅದು ತರಿಶು ಅಂತ ಉಂಟು. ತರಿಶು ಅಂದ್ರೆ ಪಾಳು, ಎಂತದೂ ಬೆಳೆಯದ ಜಾಗ.”

“ಎಂತದೂ ಬೆಳೆಯದಿದ್ರೆ ನಮ್ಮ ದನ ಎಂತ ಕಲ್ಲು ತಿಂತದಾ?” ಅಂತ ನಾನು ಕೇಳಿದೆ.

ಬೈಕಿನಲ್ಲಿ ಮೀನು ಮಾರುವ ಬ್ಯಾರಿ ಕಾಕ ಅಲ್ಲೇ ಚಾ ಕುಡಿಯುತ್ತಿದ್ದರು. ನಮ್ಮದು ಗಿಡ್ಡ ಜಾತಿಯ ದನ, ದೊಡ್ಡ ಆಡಿನಷ್ಟು ಎತ್ತರ. “ನಿಮ್ಮ ದನದ ಸೈಜು ನೋಡಿದ್ರೆ ಕಲ್ಲೇ ತಿನ್ನುವುದು ಅಂತ ಕಾಣ್ತದೆ ಮಾರಾಯ,” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೆಂಬರ್ ನಗಲಿಲ್ಲ. “ಒಂದು ದಾರಿ ಉಂಟು. ಪಳ್ಳವನ್ನು ನೀರಿನ ಜಾಗ ಅಂತ ಬರೆದ್ರೆ ಅದನ್ನೂ ಸುತ್ತಲಿನ ಜಾಗವನ್ನೂ ಬಿಡ್ಬೇಕಾಗ್ತದಂತೆ. ಒಬ್ಬ ಆಫೀಸರ್ ನೋಡ್ಲಿಕ್ಕೆ ಬರ್ತಾನೆ. ಅವನಿಗೆ ತೋರಿಸುವ. ಬರೆದ್ರೆ ಬಚಾವು. ಇಲ್ದಿದ್ರೆ ಪಳ್ಳಕ್ಕೆ ಮಣ್ಣು ಬೀಳ್ತದೆ. ನಿಮ್ಮ ಸುರಂಗದ ಕತೆ ಆಮೇಲೆ ನನ್ನತ್ರ ಕೇಳ್ಬೇಡಿ.”

ಪೇಟೆಯಲ್ಲಿ ಪರಿಸರದ ಕೆಲಸ ಮಾಡುವ ಒಂದು ಗುಂಪು ಇತ್ತು. ಅದಕ್ಕೂ ಕೆಲವು ವರ್ಷ ಮುಂಚೆ ಅವರು ನಮ್ಮ ಪದವಿಗೆ ಬಂದಿದ್ದರು. ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದು, ಕಬ್ಬಿಣದ ಸಬ್ಬಲಿನಿಂದ ಬಂಡೆ ಒಡೆದು ಗಿಡ ನೆಟ್ಟರು. ಬೋಳು ಗುಡ್ಡೆಯನ್ನು ಹಸಿರು ಮಾಡುತ್ತೇವೆ ಅಂತ ಬಟ್ಟೆಯ ಬ್ಯಾನರ್ ಕಟ್ಟಿದ್ದರು. ಮಳೆಗಾಲ, ಕಾಲಬುಡದಲ್ಲಿ ಹುಲ್ಲು ಹಸಿರಾಗಿತ್ತು, ಅದನ್ನೇ ಮೆಟ್ಟಿಕೊಂಡು ಫೋಟೋ ತೆಗೆದರು. ಗಿಡ ಬೇಸಗೆಗೆ ಸತ್ತವು. ಗಿಡದ ಪ್ಲಾಸ್ಟಿಕ್ ತೊಟ್ಟೆಗಳನ್ನು ಅಮ್ಮ ಹೆಕ್ಕಿದಳು, ದನ ತಿಂದಾವು ಅಂತ.

ಪರಿಸರದವರಲ್ಲವಾ ಅಂತ ಅವರಿಗೆ ಫೋನ್ ಮಾಡಿದೆ. ಒಬ್ಬರು ಮರ್ಯಾದೆಯಿಂದಲೇ ಮಾತಾಡಿದರು. “ಅಲ್ಲಿ ಮರ ಉಂಟಾ? ಎಷ್ಟು ಮರ ಕಡೀತಾರೆ?”

“ಮರ ಇಲ್ಲ. ಹುಲ್ಲುಂಟು. ಪಳ್ಳ ಉಂಟು.”

“ಮರ ಕಡಿಯುವುದಾದ್ರೆ ನಾವು ಖಂಡಿತ ಬರ್ತಿದ್ದೆವು. ಸೋಲಾರ್ ಪರಿಸರಕ್ಕೆ ಒಳ್ಳೆಯದೇ ಅಲ್ವಾ? ಕಲ್ಲುಗುಡ್ಡೆಯಲ್ಲಿ ಹಾಕದೆ ಮತ್ತೆ ಎಲ್ಲಿ ಹಾಕುವುದು, ಹೇಳಿ?”

ಫೋನ್ ಇಟ್ಟೆ.

ಹಾಗಾಗಿ ಎಲ್ಲ ಆ ಒಬ್ಬ ಆಫೀಸರನ ಮೇಲೆ ನಿಂತಿತು.

ಅವನು ಬೆಳಿಗ್ಗೆಯೇ ಬಂದ. ನನಗಿಂತ ಸ್ವಲ್ಪ ದೊಡ್ಡವನಿರಬಹುದು. ಕೇರಳದ ತೆಂಕು ಕಡೆಯವನು, ಕನ್ನಡ ಬರುವುದಿಲ್ಲ. ಬಾಡಿಗೆಗೆ ಹೋಗಿ ಹೋಗಿ ನನಗೆ ಮಲಯಾಳ ಬರುತ್ತದೆ, ಹಾಗಾಗಿ ನಾನು ಜತೆಗೆ ನಡೆದೆ. ಮೆಂಬರ್ ಮುಂದೆ, ಅಮ್ಮ ಹಿಂದೆ. ಅಮ್ಮ ಒಗೆದ ಸೀರೆ ಉಟ್ಟಿದ್ದಳು. ಆಫೀಸರ್ ಬಿಸಿಲಿಗೆ ಬೆವರಿ ಚಂಡಿಯಾಗಿದ್ದ. ಅಮ್ಮ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ತಂದಿದ್ದಳು. ಅವನು ಚೆಂಬು ಎತ್ತಿ ಖಾಲಿ ಮಾಡಿದ.

“ಎಷ್ಟು ತಂಪು! ಫ್ರಿಜ್ಜಿನದಾ?” ಅಂತ ಕೇಳಿದ.

ನಾನು ಹೇಳಿದೆ, ಸುರಂಗದ್ದು ಅಂತ. ಅಮ್ಮನಿಗೂ ತಿರುಗಿಸಿ ಹೇಳಿದೆ. ಅವಳಿಗೆ ಖುಷಿಯಾಯಿತು. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಪಳ್ಳದ ಹತ್ತಿರ ಬಂದೆವು.

ಹಿಡಿಸೂಡಿಯಲ್ಲಿ ಗುಡಿಸಿದ ಹಾಗೆ ಇತ್ತು. ಹಾಗೆ ಅಲ್ಲ, ನಿಜವಾಗಿ ಗುಡಿಸಿದ್ದೇ. ಒಂದು ಹನಿ ನೀರಿಲ್ಲ, ಒಂದು ಹಿಡಿ ಕೆಸರಿಲ್ಲ, ಸುತ್ತ ಇದ್ದ ಜೊಂಡನ್ನೂ ಹೆಂಗಸರು ಕಿತ್ತು ತೆಗೆದಿದ್ದರು. ಕೆಂಪು ಕಲ್ಲಿನ ಖಾಲಿ ಹೊಂಡ. ಕೆರೆ ತೋರಿಸಲು ಕರೆತಂದು ಬರೀ ಹೊಂಡ ತೋರಿಸುತ್ತಿದ್ದೇವೆ ಅಂತ ನನಗೆ ಆಗ ಹೊಳೆಯಿತು.

ಆಫೀಸರ್ ಅತ್ತಿತ್ತ ನೋಡಿದ. “ಕೆರೆ ಎಲ್ಲಿ?”

“ಇದೇ ಸಾರ್.”

“ಇದು ಕಲ್ಲು ತೆಗೆದ ಹಳೆಯ ಕೋರೆಯಲ್ವಾ?”

“ಅಲ್ಲ ಸಾರ್. ಕೋರೆಯಾದ್ರೆ ಬದಿ ನೇರ ಇರ್ತದೆ. ಇದು ಪಳ್ಳ. ನಿನ್ನೆ ಕ್ಲೀನ್ ಮಾಡಿದ್ದು. ಮೊನ್ನೆವರೆಗೂ ಕೆಸರಿತ್ತು, ಮೀನಿತ್ತು.”

“ನೋಡ್ಲಿಕ್ಕೆ ಬರುವ ಮುಂಚಿನ ದಿನವೇ ಯಾಕೆ ಕ್ಲೀನ್ ಮಾಡಿದ್ರಿ?”

ನೀವು ಬರುತ್ತೀರಿ ಅಂತಲೇ ಅಂದೆ. ಅವನು ನನ್ನ ಮುಖ ನೋಡಿದ. ನಾವು ಏನೋ ಆಟ ಕಟ್ಟಿದ್ದೇವೆ ಅಂತ ಅವನಿಗೆ ಅನ್ನಿಸಿತು. ಅದು ಅವನ ಮುಖದಲ್ಲಿ ಕಾಣುತ್ತಿತ್ತು.

ಅಮ್ಮನಿಗೆ ಮಾತು ತಿಳಿಯಲಿಲ್ಲ, ಆದರೆ ವಿಷಯ ತಿಳಿಯಿತು. “ಮೀನು ನಮ್ಮ ಮನೆಯಲ್ಲಿ ಉಂಟು ಅಂತ ಹೇಳು ಮಗಾ.”

“ಸುಮ್ನಿರಿ ಅಕ್ಕ,” ಅಂದ ಮೆಂಬರ್. “ಊಟಕ್ಕೆ ಕರೀತಿದ್ದೀರಿ ಅಂತ ಎಣಿಸ್ಯಾನು.”

ನಾನು ಇಳಿಜಾರಿನಲ್ಲಿ ಓಡಿದೆ. ಟಾಂಕಿಗೆ ಕೈ ಹಾಕಿ ಸಿಕ್ಕಿದ ಮೀನು ಹಿಡಿದು ಬಕೆಟಿಗೆ ಹಾಕಿ ಓಡಿ ಬಂದೆ. ದಾರಿಯಲ್ಲಿ ಅರ್ಧ ನೀರು ಚೆಲ್ಲಿತು. ಆಫೀಸರನ ಕಾಲಿನ ಹತ್ತಿರ ಬಕೆಟ್ ಇಟ್ಟೆ. ಅವನು ಬಗ್ಗಿ ನೋಡಿದ. ಮೀನು ಬಾಲ ಬಡಿಯಿತು, ಅವನ ಪ್ಯಾಂಟಿಗೆ ನೀರು ಹಾರಿತು. ಸಿಟ್ಟು ಮಾಡಲಿಲ್ಲ. ಮೆಲ್ಲ ಹೇಳಿದ.

“ಮೀನು ಬಕೆಟಿನಲ್ಲಿ ಉಂಟು. ಹೊಂಡದಲ್ಲಿ ಇಲ್ವಲ್ಲ. ನಾನು ಬಕೆಟನ್ನು ಹೇಗೆ ಬರೆಯುವುದು?”

ಹೊಂಡದ ಫೋಟೋ ತೆಗೆದ. ನಾಲ್ಕೂ ಕಡೆಯಿಂದ. ಒಣಗಿದ ಮುಳಿಹುಲ್ಲಿನ ಫೋಟೋವನ್ನೂ ತೆಗೆದ. ಮೇ ತಿಂಗಳಲ್ಲಿ ಅದು ಸತ್ತ ಹಾಗೆಯೇ ಕಾಣುತ್ತದೆ. ಜೀಪಿನ ಕಡೆಗೆ ಹೋಗುವಾಗ ಅಮ್ಮನಿಗೆ ಕೈ ಮುಗಿದ. ಅಮ್ಮ ಉಳಿದ ಬೆಲ್ಲವನ್ನು ಕಾಗದದಲ್ಲಿ ಕಟ್ಟಿ ಅವನ ಕೈಗೆ ಕೊಟ್ಟಳು.

ಮಳೆ ಬಂತು. ಪಳ್ಳ ಬಾಯಿವರೆಗೆ ತುಂಬಿತು. ಕ್ರಮದ ಹಾಗೆ ಅಮ್ಮ ಮೀನು ತಂದು ಬಿಟ್ಟಳು. ಸುತ್ತಲೂ ಸಣ್ಣ ನೀಲಿ ಹೂ ಅರಳಿತು. ನೆಲ ಕಾಣದಷ್ಟು ನೀಲಿ. ನಾನು ಅದನ್ನೆಲ್ಲ ಮೊಬೈಲಿನಲ್ಲಿ ವೀಡಿಯೊ ತೆಗೆದು ಆಫೀಸಿಗೆ ಹೋದೆ. ಆ ಆಫೀಸರನಿಗೆ ನನ್ನ ಗುರುತು ಸಿಕ್ಕಿತು. “ಬಕೆಟಿನವ,” ಅಂತ ನಕ್ಕ. ವೀಡಿಯೊ ತೋರಿಸಿದೆ.

“ಮಳೆಗಾಲದಲ್ಲಿ ನನ್ನ ಮನೆಯ ಅಂಗಳದಲ್ಲೂ ನೀರು ನಿಲ್ತದೆ,” ಅಂದ.

ಆದರೂ ವೀಡಿಯೊ ಪೂರ್ತಿ ನೋಡಿದ. ಹೂ ಬಂದಲ್ಲಿ ನಿಲ್ಲಿಸಿದ. “ಸಣ್ಣದಿರುವಾಗ ಓಣಂಗೆ ಇದನ್ನೇ ಕೊಯ್ಯಲಿಕ್ಕೆ ಹೋಗ್ತಿದ್ದೆವು. ನಮ್ಮಲ್ಲೂ ಇಂಥ ಒಂದು ಪಾರೆ, ಕಲ್ಲಿನ ಪದವು, ಇತ್ತು,” ಅಂದ. ಆ ಪಾರೆ ಈಗ ಏನಾಗಿದೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮೊಬೈಲ್ ತಿರುಗಿಸಿ ಕೊಟ್ಟ. ರಿಪೋರ್ಟ್ ಹೋಗಿ ಆಗಿದೆ ಅಂದ. ಹಳೆಯ ಕಲ್ಲುಕೋರೆ, ತರಿಶು. ಅಷ್ಟೇ ಬರೆದದ್ದು.

ಮಳೆ ಮುಗಿಯುವುದೇ ತಡ, ಬೇಲಿ ಬಂತು. ಜೆಸಿಬಿ ಬಂತು. ಪಳ್ಳಕ್ಕೆ ಮಣ್ಣು ಹಾಕುತ್ತಾರೆ ಅಂತ ಗೊತ್ತಾದ ದಿನ ಅಮ್ಮ ಬಕೆಟ್ ಹಿಡಿದು ಹೋದಳು. ಗೇಟಿನಲ್ಲಿದ್ದ ವಾಚ್‌ಮ್ಯಾನ್ ಹಿಂದಿಯವನು. ಅವಳು ಏನು ಹೇಳಿದಳೋ, ಅವನಿಗೆ ಏನು ತಿಳಿಯಿತೋ, ಒಳಗೆ ಬಿಟ್ಟ. ಎದೆಮಟ್ಟದ ನೀರಿಗೆ ಅವಳು ಇಳಿಯಲಾರಳು, ನಾನು ಇಳಿದೆ. ಜೆಸಿಬಿಯವನು ಇಂಜಿನ್ ಆಫ್ ಮಾಡಿ ಬೀಡಿ ಎಳೆಯುತ್ತಾ ಕಾದ. ಕೈಬಲೆಗೆ ಸಿಕ್ಕಿದಷ್ಟು ಸಿಕ್ಕಿತು. ಉಳಿದದ್ದು ಅಲ್ಲೇ ಹೋಯಿತು.

ಕಾಕ ದಾರಿಯಲ್ಲಿ ಸಿಕ್ಕಿ ಬಕೆಟಿಗೆ ಇಣುಕಿದರು. “ನಾನು ಮೀನು ಮಾರ್ಲಿಕ್ಕೆ ಊರೆಲ್ಲ ಸುತ್ತುದು, ನೀವು ಮೀನನ್ನು ಮೆರವಣಿಗೆ ಮಾಡ್ತೀರಿ ಮಾರಾಯ್ತಿ,” ಅಂದರು. ಅಮ್ಮ ಬಕೆಟನ್ನು ಇನ್ನೊಂದು ಕೈಗೆ ಬದಲಿಸಿದಳು. ಕಾಕ ಬೈಕಿನ ಪೆಟ್ಟಿಗೆ ತೆರೆದು ಒಂದು ಪಾಲು ಭೂತಾಯಿ ಮೀನು ಕೊಟ್ಟು ಹೋದರು.

ಪದವಿನ ತುಂಬ ನೀಲಿ ಗಾಜು ನಿಂತಿತು. ಗೇಟಿನ ಬೋರ್ಡಿನಲ್ಲಿ ಪಾಳು ಜಾಗದಿಂದ ಹಸಿರು ವಿದ್ಯುತ್ತು ಅಂತ ಬರೆದಿದ್ದಾರೆ. ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಉಂಟು, ಕನ್ನಡದಲ್ಲಿ ಇಲ್ಲ. ಮೊಬೈಲಿನ ಮ್ಯಾಪಿನಲ್ಲಿ ಈಗ ಆ ಜಾಗಕ್ಕೆ ಹೆಸರು ಬಂದಿದೆ. ಸೋಲಾರ್ ಪಾರ್ಕ್. ಕರೆಂಟ್ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲೂ ಫ್ಯಾನ್ ತಿರುಗುತ್ತದೆ.

ಮುಂದಿನ ಮಳೆಗಾಲ ಮಳೆ ಕಡಿಮೆ ಏನೂ ಆಗಲಿಲ್ಲ. ನೀರು ಪದವಿನಲ್ಲಿ ನಿಲ್ಲದೆ ಕಾಂಕ್ರೀಟ್ ಚರಂಡಿಯಲ್ಲಿ ಸೀದಾ ರಸ್ತೆಗೆ ಇಳಿಯಿತು. ದನ ಮೇಯಲು ಜಾಗ ಇಲ್ಲದೆ ಪುತ್ತೂರು ಕಡೆಯವರಿಗೆ ಕೊಟ್ಟೆವು. ನನ್ನ ಪಿಕಪ್ಪಿನಲ್ಲೇ ಬಿಟ್ಟು ಬಂದೆ. ಬೇಸಗೆ ಬಂದಾಗ ಸುರಂಗದ ನೀರು ನೂಲಿನ ಹಾಗೆ ಆಯಿತು. ಆಮೇಲೆ ಹನಿ. ಒಂದು ಬೆಳಿಗ್ಗೆ ಅಮ್ಮ ಕೊಡ ಹಿಡಿದು ಹೋದವಳು ಖಾಲಿ ಕೊಡ ಹಿಡಿದು ಬಂದಳು. “ನಿಂತಿತು,” ಅಂದಳು. ಅಪ್ಪನ ಉಸಿರು ನಿಂತಾಗಲೂ ಅವಳು ಅದೇ ಮಾತು ಹೇಳಿದ್ದು.

ನಾನು ಟಾರ್ಚ್ ಹಿಡಿದು ಸುರಂಗದ ಕೊನೆಯವರೆಗೆ ಹೋದೆ. ಗೋಡೆ ಮುಟ್ಟಿದೆ. ಒಣಗಿತ್ತು. ಅಪ್ಪ ಬತ್ತಿ ಇಡುತ್ತಿದ್ದ ಗೂಡಿನಲ್ಲಿ ಹಳೆಯ ಮೇಣ ಹಾಗೇ ಇತ್ತು.

ಈಗ ಪಂಚಾಯತಿನ ಟ್ಯಾಂಕರ್ ಬರುತ್ತದೆ. ಬಾರದ ದಿನ ನಾನು ಪಿಕಪ್ಪಿನಲ್ಲಿ ಡ್ರಮ್ ಇಟ್ಟು ಕೆಳಗಿನ ತೋಟದವರ ಬಾವಿಯಿಂದ ತರುತ್ತೇನೆ. ಕೊಡುತ್ತಾರೆ. ಕೊಡುವಾಗ, “ಮೇಲೆ ಕಲ್ಲಿನಲ್ಲಿ ಯಾಕೆ ಕೂತಿದ್ದೀರಿ, ಕೆಳಗೆ ಎಲ್ಲಾದ್ರೂ ಬನ್ನಿ,” ಅನ್ನುತ್ತಾರೆ.

ಟಾಂಕಿಯ ತಳದಲ್ಲಿ ಉಳಿದ ನೀರಿನಲ್ಲಿ, ಪಳ್ಳದಿಂದ ತಂದು ಬಿಟ್ಟಿದ್ದ ಮೀನುಗಳು ಒಂದರ ಮೇಲೆ ಒಂದು ಬಿದ್ದಿದ್ದವು. ಅಮ್ಮ ಅವುಗಳನ್ನು ಅದೇ ಪೇಂಟಿನ ಬಕೆಟಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದಳು.

“ಎಲ್ಲಿಗಾದ್ರೂ ಬಿಟ್ಟು ಬಾ.”

“ನೀನೂ ಬಾ.”

“ನಾನು ಬರುದಿಲ್ಲ.”

ಕೆಳಗೆ ಹರಿಯುವ ತೋಡಿಗೆ ತೋಟದವರು ಅಡ್ಡಕ್ಕೆ ಮಣ್ಣಿನ ಕಟ್ಟ ಕಟ್ಟಿದ್ದರು. ಅಲ್ಲಿ ಸ್ವಲ್ಪ ನೀರು ನಿಂತಿತ್ತು. ಬಿಟ್ಟೆ. ಅವು ಕೆಸರಿಗೆ ನುಗ್ಗಿದವು, ಮತ್ತೆ ಕಾಣಲಿಲ್ಲ.

ತಿರುಗಿ ಬಂದಾಗ ಅಮ್ಮ ಟಾಂಕಿಯ ಒಳಗೆ ಇಳಿದಿದ್ದಳು. ಗೆರಟೆಯಿಂದ ತಳದ ಕೆಸರು ಬಳಿಯುತ್ತಿದ್ದಳು. ಪಕ್ಕದಲ್ಲಿ ಹಿಡಿಸೂಡಿ.

“ಎಂತ ಮಾಡ್ತಿದ್ದಿ?”

“ಪತ್ತನಾಜೆ ಬಂತಲ್ಲ. ಮಳೆ ಬರುವಾಗ ಕ್ಲೀನ್ ಇರ್ಲಿ.”

ನಾನು ಅಂಚಿನಲ್ಲಿ ಕುಳಿತೆ. ಅವಳು ತಲೆ ಎತ್ತದೆ ಕೇಳಿದಳು.

“ಆ ದಿನ ನಾನು ಪಳ್ಳ ಬಳಿಸದಿದ್ರೆ ಅವ ನೀರಿನ ಜಾಗ ಅಂತ ಬರೀತಿದ್ನಾ?”

“ಇಲ್ಲ. ಆಗಲೂ ಬರೀತಿರ್ಲಿಲ್ಲ.”

“ಹೌದಾ?”

“ಹೌದಮ್ಮ.”

ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅವಳು ಮೂಲೆ ಗುಡಿಸುತ್ತಿದ್ದಳು. ನಾನೂ ಇಳಿದು ಬುಟ್ಟಿ ಎತ್ತಿದೆ.